ಫೋಲಿಕ್ ಆಸಿಡ್ ಸುಡುವ ಆಸಿಡ್ ಅಲ್ಲ

ನಮ್ಮ ಕಾಸರಗೋಡಿನ ಕಡೆ ಆಸಿಡ್ ಅಂದರೆ ಮೊದಲು ನೆನಪಾಗುವುದು ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್. ಮೈಗೆ ಬಿದ್ದರೆ ಸುಡುತ್ತದೆ, ಅದಕ್ಕೆ ಹೆದರಲೇಬೇಕು. (ಅದನ್ನು ಜ್ಯೂಸಿನ ಹಳೆ ಬಾಟಲಿಯಲ್ಲಿ ದಯವಿಟ್ಟು ತುಂಬಿಸಿಡಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ.) ಆದರೆ ಅದೇ ಹೆದರಿಕೆಯಿಂದ ಗರ್ಭಿಣಿಯರಿಗೆ ಕೊಡುವ ಫೋಲಿಕ್ ಆಸಿಡ್ ಮಾತ್ರೆಯನ್ನು ಬಿಟ್ಟರೆ ನಷ್ಟ ಹೊಟ್ಟೆಯಲ್ಲಿರುವ ಮಗುವಿಗೆ.

ಇದು ಬಿ9 ವಿಟಮಿನ್. 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದವರು, ಎಲೆಗೆ ಲ್ಯಾಟಿನ್‌ನಲ್ಲಿ ಹೇಳುವ ‘ಫೋಲಿಯಂ’ ಪದದಿಂದ ಹೆಸರಿಟ್ಟರು. ದಿನಕ್ಕೆ ಬೇಕಾದದ್ದು 400 ಮೈಕ್ರೊಗ್ರಾಂ, ಅಂದರೆ ಒಂದು ಗ್ರಾಮನ್ನು 2,500 ಪಾಲು ಮಾಡಿದರೆ ಅದರಲ್ಲಿ ಒಂದು. ಒಂದು ಲೋಟ ಪುನರ್ಪುಳಿ ಸಾರಿನಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹುಳಿ ಇದೆ.

ಮಾತ್ರೆಯನ್ನು ಯಾವಾಗ ಶುರು ಮಾಡುತ್ತೇವೆ ಎಂಬುದೇ ಇಲ್ಲಿ ಮುಖ್ಯ. ಮಗುವಿನ ಮಿದುಳು, ಬೆನ್ನುಹುರಿ ಆಗಬೇಕಾದ ನಾಳ ಗರ್ಭ ಕಟ್ಟಿದ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಅದು ಸರಿಯಾಗಿ ಮುಚ್ಚಲು ಈ ವಿಟಮಿನ್ ಬೇಕು. ಮುಟ್ಟು ತಪ್ಪಿದ್ದು ಗೊತ್ತಾಗಿ, ತಲಪಾಡಿ ದಾಟಿ ಮಂಗಳೂರಿಗೆ ಸ್ಕ್ಯಾನಿಂಗಿಗೆ ಹೋಗುವಾಗ ಆ ಕೆಲಸ ಮುಗಿದಿರುತ್ತದೆ. ಹಾಗಾಗಿ ಮಗು ಬೇಕು ಅಂದುಕೊಂಡಾಗಲೇ, ಕಡಿಮೆಯೆಂದರೆ ಒಂದು ತಿಂಗಳು ಮೊದಲು ಶುರು ಮಾಡಿ ಗರ್ಭದ 12 ವಾರದವರೆಗೆ ಬಿಡದೆ ನುಂಗಬೇಕು. ಹಿಂದೆ ಈ ನಾಳ ಸರಿಯಾಗಿ ಮುಚ್ಚದ ತೊಂದರೆಯ ಮಗು ಹುಟ್ಟಿದ್ದರೆ, ಅಪಸ್ಮಾರದ ಮಾತ್ರೆಯಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ 400 ಸಾಲದು. ಡಾಕ್ಟರು 5 ಮಿಲಿಗ್ರಾಂ ಕೊಡುತ್ತಾರೆ. ಮೊದಲೊಮ್ಮೆ ಅಂಥ ಮಗು ಹುಟ್ಟಿದ್ದ ತಾಯಂದಿರಿಗೆ 4 ಮಿಲಿಗ್ರಾಂ ಕೊಟ್ಟಾಗ ಮತ್ತೆ ಹಾಗಾಗುವುದು 72 ಶೇಕಡಾ ಕಡಿಮೆಯಾಯಿತೆಂದು 1991ರಲ್ಲೇ ಬ್ರಿಟನ್ನಿನ ಅಧ್ಯಯನ ತೋರಿಸಿದೆ.

‘ಮಾತ್ರೆ ತಿಂದರೆ ಎದೆ ಉರಿ, ಮಲ ಕಪ್ಪು’ ಎಂಬ ದೂರು ಸುಳ್ಳಲ್ಲ, ಆದರೆ ಅದಕ್ಕೆ ಕಾರಣ ಕಬ್ಬಿಣ. ನಾಲ್ಕನೇ ತಿಂಗಳಿಂದ ಕೊಡುವ ಮಾತ್ರೆಯಲ್ಲಿ 500 ಮೈಕ್ರೊಗ್ರಾಂ ಫೋಲಿಕ್ ಆಸಿಡಿನ ಜೊತೆ 60 ಮಿಲಿಗ್ರಾಂ ಕಬ್ಬಿಣ ಇದೆ. ಊಟವಾದ ಮೇಲೆ ತಿಂದರೆ ಉರಿ ಕಡಿಮೆ. ಚಹಾದ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆಯ ಅಂತರ ಇರಲಿ.

ಹರಿವೆ, ಬಸಳೆ, ಅಲಸಂಡೆ, ಹೆಸರುಕಾಳು ಎಲ್ಲ ಒಳ್ಳೆಯದೇ. ಆದರೆ ಈ ವಿಟಮಿನ್ ನೀರಿಗೆ ಬಿಟ್ಟುಕೊಳ್ಳುತ್ತದೆ, ಹೆಚ್ಚು ಬೇಯಿಸಿದರೆ ಹಾಳಾಗುತ್ತದೆ. ಸೊಪ್ಪನ್ನು ಹೆಚ್ಚುವ ಮೊದಲೇ ತೊಳೆಯಿರಿ, ಬೇಯಿಸಿದ ನೀರನ್ನು ಚೆಲ್ಲಬೇಡಿ. ರೇಷನ್ ಅಕ್ಕಿಯಲ್ಲಿ ತೇಲುವ ಕಾಳು ಕಂಡರೆ ಅದೂ ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಒತ್ತಿದ್ದು. ಅದನ್ನು ಆರಿಸಿ ಬಿಸಾಡಬೇಡಿ, ಅನ್ನ ಬಸಿದ ತೆಳಿಯನ್ನೂ ಚೆಲ್ಲಬೇಡಿ. ಆದರೆ ಆ ಅಕ್ಕಿಯ ಒಂದು ಕಿಲೋದಲ್ಲಿರುವ ಫೋಲಿಕ್ ಆಸಿಡ್ 75ರಿಂದ 125 ಮೈಕ್ರೊಗ್ರಾಂ. ಕಾಲು ಕಿಲೋ ಉಂಡರೂ ಹೆಚ್ಚೆಂದರೆ 30ರ ಆಸುಪಾಸು, ಮಾತ್ರೆಯ ಬದಲಿಗೆ ಅದು ಆಗದು.

ತಿಂಡಿ ಪ್ಯಾಕೆಟ್ ಹಿಂದಿನ ಐಎನ್‌ಎಸ್ 330 (ಆಹಾರಕ್ಕೆ ಸೇರಿಸುವ ವಸ್ತುಗಳಿಗೆ ಕೊಡುವ ನಂಬರು) ಕಂಡೂ ಗಾಬರಿ ಬೇಡ, ಅದು ಲಿಂಬೆಯಲ್ಲಿರುವ ಸಿಟ್ರಿಕ್ ಆಸಿಡ್. 300 ಅಂದರೆ ವಿಟಮಿನ್ ಸಿ.

ನಿಜವಾಗಿ ಎಚ್ಚರ ಬೇಕಾದದ್ದು, ಡಾಕ್ಟರಲ್ಲಿ ಕೇಳದೆ 5 ಮಿಲಿಗ್ರಾಂ ಫೋಲಿಕ್ ಆಸಿಡ್ ಮಾತ್ರೆಯನ್ನು ವರ್ಷಗಟ್ಟಲೆ ತಿನ್ನುವವರಿಗೆ, ಅದರಲ್ಲೂ ಸಸ್ಯಾಹಾರಿಗಳಿಗೆ. ಬಿ12 ಕೊರತೆಯಿದ್ದರೆ ಇದು ರಕ್ತಹೀನತೆಯನ್ನು ಮಾತ್ರ ಸರಿಮಾಡುತ್ತದೆ, ನರ ಒಳಗೊಳಗೆ ಕೆಡುತ್ತಲೇ ಇರುತ್ತದೆ. ಕಾಲು ಜೋಮು ಹಿಡಿಯುತ್ತಿದ್ದರೆ ಮೊದಲು ಬಿ12 ಪರೀಕ್ಷೆ ಮಾಡಿಸಿ.