ನೋಡಲು ಏನೂ ಇಲ್ಲ ಅನ್ನಬೇಡಿ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರಚನಕಾರ ಗುಸ್ತಾವ್ ಮಾಹ್ಲರ್ ಸಂಗೀತ ಬರೆಯುತ್ತಿದ್ದ ಕೆರೆದಂಡೆಯ ಪುಟ್ಟ ಮನೆಯಲ್ಲಿ 'ನೋಡಲು ಜಾಸ್ತಿ ಏನಿಲ್ಲ' ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಆ ಮನೆಯಿರುವ ಆಸ್ಟ್ರಿಯಾದ ಸ್ಟೈನ್‌ಬಾಖ್‌ ಊರಿಗೆ ನಾವೂ ಹೋಗಿದ್ದೆವು. ಪಕ್ಕದ ಹೋಟೆಲಿನಲ್ಲಿ ಕೀಲಿ ಇಸಿದುಕೊಂಡು ಬಾಗಿಲು ತೆಗೆದೆವು. ಒಂದೇ ಕೋಣೆ, ಒಂದು ಪಿಯಾನೊ. ಕಿಟಕಿಯ ಆಚೆ ಅಟ್ಟರ್‌ಸೀ ಸರೋವರದ ನೀರು ದಡಕ್ಕೆ ಬಡಿಯುವ ಸದ್ದು. ಸುಮ್ನೆ ನಿಂತುಬಿಟ್ಟೆ. 1894ರಲ್ಲಿ ಕಟ್ಟಿಸಿದ ಈ ಕೋಣೆಯಲ್ಲೇ ಅಲ್ವಾ ವಾದ್ಯವೃಂದಕ್ಕಾಗಿ ಬರೆದ ಅಷ್ಟು ದೊಡ್ಡ ಕೃತಿ, ಅವರ ಮೂರನೇ ಸಿಂಫನಿ ಹುಟ್ಟಿದ್ದು!

1896ರಲ್ಲಿ ಇಲ್ಲಿಗೆ ಬಂದ ವಾದ್ಯವೃಂದ ನಿರ್ದೇಶಕ ಬ್ರೂನೋ ವಾಲ್ಟರ್ ಎದುರಿನ ಬೆಟ್ಟ ನೋಡುತ್ತಿದ್ದಾಗ, 'ಅದನ್ನು ನೋಡಬೇಕಿಲ್ಲ, ಎಲ್ಲವನ್ನೂ ಸಂಗೀತಕ್ಕೆ ಇಳಿಸಿಬಿಟ್ಟಿದ್ದೇನೆ' ಎಂದರಂತೆ ಮಾಹ್ಲರ್. ಹೋಗುವವರು ಆ ಸಿಂಫನಿಯ ಮೊದಲ ಭಾಗ ಕೇಳಿಕೊಂಡು ಹೋಗಿ. ಅರ್ಧ ಗಂಟೆಯಾಗುತ್ತದೆ, ಆದರೂ ಕೇಳಿ. ಆಮೇಲೆ ಆ ಬೆಟ್ಟದ ಕಡೆ ತಿರುಗಿ ನೋಡಿ.