ಕೇಳುವವರು ಎದ್ದು ಹೋಗಬಹುದಾ?

ನಾನು ಕ್ರೈಸ್ತ. ಕೆಲಸಕ್ಕೆಂದು ಇಂಗ್ಲೆಂಡಿಗೆ ಬಂದು ಇಲ್ಲೇ ಉಳಿದ ಕನ್ನಡಿಗ. ಯೇಸುವಿನ ವಿಷಯ ನಾಲ್ಕು ಜನಕ್ಕೆ ಹೇಳಬೇಕು ಅನ್ನುವುದು ನಮ್ಮ ನಂಬಿಕೆಯ ಒಳಗೇ ಇದೆ. ಹಾಗಾಗಿ "ನಿಮ್ಮ ಧರ್ಮ ನಿಮ್ಮ ಹತ್ತಿರವೇ ಇರಲಿ, ಬಾಯಿ ಬಿಡಬೇಡಿ" ಅಂದರೆ ನಾನು ಒಪ್ಪುವುದಿಲ್ಲ. ಆದರೆ ನಮ್ಮವರು ಹೇಳುವ ರೀತಿ ನೋಡಿ ನನಗೇ ಎಷ್ಟೋ ಸಲ ಮುಜುಗರವಾಗಿದೆ. ಊರಲ್ಲಿದ್ದಾಗಲೂ ಆಗಿದೆ, ಇಲ್ಲಿಗೆ ಬಂದ ಮೇಲೂ ಆಗಿದೆ.

ಹೇಳುವವರ ಉದ್ದೇಶ ಒಳ್ಳೆಯದಾ ಕೆಟ್ಟದ್ದಾ ಎಂದು ಚರ್ಚೆ ಮಾಡುವುದನ್ನು ನಾನು ಬಿಟ್ಟಿದ್ದೇನೆ. ಎಲ್ಲರೂ ತಮ್ಮ ಉದ್ದೇಶ ಒಳ್ಳೆಯದು ಅಂತಲೇ ಹೇಳುತ್ತಾರೆ. ನಾನು ನೋಡುವುದು ಇಷ್ಟೇ. ಕೇಳುತ್ತಾ ಇರುವವರು ಮಧ್ಯದಲ್ಲೇ ಎದ್ದು ಹೋಗಬಹುದಾ? ಹೋದರೆ ಅವರ ಕೈಯಿಂದ ಏನಾದರೂ ಜಾರಿಹೋಗುತ್ತದಾ?

ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಸ್ಪೀಕರ್ಸ್ ಕಾರ್ನರ್ ಎಂಬ ಮೂಲೆ ಇದೆ. 1872ರ ಪಾರ್ಕ್ ಕಾಯ್ದೆಯಿಂದ ಅಲ್ಲಿ ನಿಂತು ಮಾತಾಡುವುದಕ್ಕೆ ಅವಕಾಶ ಬಂತು. ಭಾನುವಾರ ಹೋದರೆ ಸಣ್ಣ ಏಣಿ ಹತ್ತಿ ನಿಂತ ಒಬ್ಬ ಬೈಬಲ್ ಹಿಡಿದು ಕೂಗುತ್ತಿರುತ್ತಾನೆ. ಅವನ ಪಕ್ಕದಲ್ಲೇ ಮುಸ್ಲಿಂ ಒಬ್ಬರು ಅದಕ್ಕೆ ಉತ್ತರ ಕೊಡುತ್ತಿರುತ್ತಾರೆ. ದೇವರೇ ಇಲ್ಲ ಅನ್ನುವವನು ಇಬ್ಬರನ್ನೂ ಕೆಣಕುತ್ತಾನೆ. ನಮ್ಮ ಕಡೆಯಿಂದ ಹೊಸದಾಗಿ ಬಂದವರಿಗೆ ಇನ್ನೇನು ಹೊಡೆದಾಟ ಶುರುವಾಗುತ್ತದೆ ಅನಿಸುತ್ತದೆ. ಆ ಕೂಗಾಟ ನನಗೆ ಇಷ್ಟ ಇಲ್ಲ. ಯೇಸುವನ್ನು ಸಂತೆಯ ಮಾಲಿನ ಥರ ಕೂಗಿ ಮಾರಬೇಕಾ ಅನಿಸುತ್ತದೆ. ಆದರೂ ಅಲ್ಲಿ ಯಾರಿಗೂ ಅನ್ಯಾಯ ಆಗುತ್ತಿಲ್ಲ. ಬೇಜಾರಾದವರು ಹತ್ತು ಹೆಜ್ಜೆ ಆ ಕಡೆ ಹೋದರೆ ಮುಗಿಯಿತು. ಹೋಗುವ ಮುಂಚೆ ಎದುರು ಮಾತಾಡಿಯೂ ಹೋಗಬಹುದು.

1997ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಊರಿನ ಕೆಥೀಡ್ರಲ್ ಮೆಟ್ಟಿಲ ಮೇಲೆ ಮೂವರು ಹೆಂಗಸರು ಸುವಾರ್ತೆ ಸಾರುತ್ತಿದ್ದರು. ಜನ ಸೇರಿ ಸಿಟ್ಟಾದರು. ಪೊಲೀಸರು ಹೆಂಗಸರನ್ನೇ ನಿಲ್ಲಿಸಲು ಹೋದರು, ಕೇಸಾಯಿತು. 1999ರಲ್ಲಿ ಮೇಲಿನ ಕೋರ್ಟು ಹೆಂಗಸರ ಪರ ತೀರ್ಪು ಕೊಟ್ಟಿತು. ಯಾರಿಗೂ ನೋವಾಗದ ಹಾಗೆ ಮಾತ್ರ ಮಾತಾಡುವ ಸ್ವಾತಂತ್ರ್ಯ ಇಟ್ಟುಕೊಂಡು ಏನು ಪ್ರಯೋಜನ ಅನ್ನುವುದು ಆ ತೀರ್ಪಿನ ಧಾಟಿ. ಇದು ನನಗೆ ಸರಿ ಕಾಣುತ್ತದೆ. ಮೆಟ್ಟಿಲ ಮುಂದೆ ನಿಂತಿದ್ದವರಿಗೆ ರಸ್ತೆ ಖಾಲಿ ಇತ್ತಲ್ವಾ.

ಆಸ್ಪತ್ರೆಯ ಹಾಸಿಗೆ ಹಾಗಲ್ಲ. ಅಲ್ಲಿಂದ ಎದ್ದು ಹೋಗಲು ಆಗುವುದಿಲ್ಲ.

ಊರಿನ ಒಂದು ಆಸ್ಪತ್ರೆಯಲ್ಲಿ ಪರಿಚಯದವರೊಬ್ಬರನ್ನು ನೋಡಲು ಹೋಗಿದ್ದೆ. ಎಡಗೈಗೆ ಡ್ರಿಪ್ ಹಾಕಿದ್ದರು. ನಾಲ್ಕೈದು ಜನರ ಗುಂಪೊಂದು ವಾರ್ಡಿನೊಳಗೆ ಬಂತು. ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಾ ಇವರ ಹತ್ತಿರವೂ ಬಂದು ತಲೆಯ ಮೇಲೆ ಕೈ ಇಟ್ಟು ಪ್ರಾರ್ಥನೆ ಶುರು ಮಾಡಿದರು. ಮಾಡಲಾ ಎಂದು ಕೇಳಲಿಲ್ಲ. ಇವರು ಡ್ರಿಪ್ ಇಲ್ಲದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಗುಂಪಿನವರು ಸಂತೋಷದಿಂದ ಒಂದು ಕರಪತ್ರ ದಿಂಬಿನ ಪಕ್ಕ ಇಟ್ಟು ಮುಂದಿನ ಹಾಸಿಗೆಗೆ ಹೋದರು. ಅವರು ಹೋದ ಮೇಲೆ ಇವರು ನನ್ನ ಕಡೆ ತಿರುಗಿ, "ನೀವೂ ಅವರ ಪೈಕಿಯೇ ಅಲ್ವಾ, ತಪ್ಪು ತಿಳ್ಕೋಬೇಡಿ. ಬೇಡ ಅಂದ್ರೆ ಬೇಜಾರು ಮಾಡ್ಕೋತಾರೇನೋ ಅಂತ ಸುಮ್ನಿದ್ದೆ" ಅಂದರು. ಆ ಗುಂಪಿನವರು ತಮ್ಮ ಸಭೆಗೆ ಹೋಗಿ, ಇವತ್ತು ಒಬ್ಬರು ಕಣ್ಣು ಮುಚ್ಚಿ ಪ್ರಾರ್ಥನೆ ಸ್ವೀಕರಿಸಿದರು ಎಂದು ಸಾಕ್ಷಿ ಹೇಳಿರಬಹುದು. ಹೇಳಿದ್ದರೆ ಅದನ್ನು ಮನಸಾರೆ ನಂಬಿಯೇ ಹೇಳಿರುತ್ತಾರೆ. ತೊಂದರೆ ಇರುವುದೇ ಅಲ್ಲಿ.

ಇಲ್ಲಿ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಾಪ್ಲೇನ್ ಎಂಬ ಕೆಲಸ ಇದೆ, ರೋಗಿಗಳ ಹತ್ತಿರ ಕೂತು ಮಾತಾಡಿ ಧೈರ್ಯ ಹೇಳುವ ಕೆಲಸ. ಕ್ರೈಸ್ತರು, ಮುಸ್ಲಿಮರು, ಬೇರೆ ನಂಬಿಕೆಯವರು, ಯಾವ ಧರ್ಮವೂ ಇಲ್ಲದವರು ಕೂಡ ಆ ಕೆಲಸದಲ್ಲಿದ್ದಾರೆ. ಗೆಳೆಯನ ತಾಯಿ ಅಡ್ಮಿಟ್ ಆಗಿದ್ದಾಗ ಒಬ್ಬ ಕ್ರೈಸ್ತ ಚಾಪ್ಲೇನ್ ಬಂದರು. ಹಾಸಿಗೆಯ ಕಾಲಿನ ಕಡೆಯೇ ನಿಂತು, ಹೆಸರು ಹೇಳಿ, "ಸ್ವಲ್ಪ ಹೊತ್ತು ಕೂತುಕೊಳ್ಳಲಾ?" ಎಂದು ಕೇಳಿದರು. ಅಮ್ಮನವರು ತಲೆ ಅಲ್ಲಾಡಿಸಿ ಬೇಡ ಅಂದರು. ಅವರು ನಕ್ಕು, "ಬೇಕೆನಿಸಿದರೆ ನರ್ಸಿಗೆ ಹೇಳಿ, ನಿಮ್ಮ ಧರ್ಮದವರೇ ಬೇಕಿದ್ದರೂ ವಿಚಾರಿಸುತ್ತೇನೆ" ಎಂದು ಹೊರಟರು. ಅವರ ಕೊರಳಲ್ಲಿ ಶಿಲುಬೆ ಇತ್ತು. ತಮ್ಮ ನಂಬಿಕೆಯನ್ನು ಅವರು ಮುಚ್ಚಿಡಲೂ ಇಲ್ಲ. ಆದರೆ ಬೇಡ ಅನ್ನುವುದನ್ನು ಆ ಮುದುಕಿಗೆ ಸುಲಭ ಮಾಡಿಕೊಟ್ಟರು. ನಮ್ಮಲ್ಲಿ ದೊಡ್ಡವರು, ಓದಿದವರು, ದೇವರ ಹೆಸರು ಹೇಳಿಕೊಂಡು ಬಂದವರು ಎದುರಿಗೆ ನಿಂತರೆ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುವುದು ಎಷ್ಟು ಕಷ್ಟ ಎಂದು ಗೊತ್ತಿರುವವರಿಗೆ ಇದು ಸಣ್ಣ ವಿಷಯ ಅನಿಸುವುದಿಲ್ಲ.

ಇದೆಲ್ಲ ಪಾಶ್ಚಾತ್ಯರ ನಾಜೂಕು, ಸುವಾರ್ತೆಗೆ ಇದರಲ್ಲಿ ಏನು ಸಂಬಂಧ ಎಂದು ನಮ್ಮ ಕೆಲವು ಪಾಸ್ಟರ್‌ಗಳು ಕೇಳಬಹುದು. ಚರ್ಚುಗಳೇ ಕೂತು ಒಪ್ಪಿಕೊಂಡ ವಿಷಯ ಇದು. 2011ರಲ್ಲಿ ವ್ಯಾಟಿಕನ್ನಿನ ಅಂತರ್ಧರ್ಮ ಸಂವಾದ ಮಂಡಳಿ, ಪ್ರಪಂಚದ ಚರ್ಚುಗಳ ಒಕ್ಕೂಟ, ಇವ್ಯಾಂಜೆಲಿಕಲ್ ಚರ್ಚುಗಳ ಜಾಗತಿಕ ಒಕ್ಕೂಟ, ಮೂರೂ ಸೇರಿ ಬಹುಧರ್ಮಗಳ ನಡುವೆ ಸಾಕ್ಷಿ ಹೇಳುವ, ಅಂದರೆ ತಮ್ಮ ನಂಬಿಕೆಯನ್ನು ಬೇರೆಯವರಿಗೆ ಹೇಳುವ ಬಗ್ಗೆ ಒಂದು ಚಿಕ್ಕ ದಾಖಲೆ ಹೊರಡಿಸಿದವು. ಈ ಮೂವರು ಒಂದೇ ಕಾಗದಕ್ಕೆ ಒಪ್ಪಿಗೆ ಹಾಕುವುದೇ ಅಪರೂಪ. ಬಡತನವನ್ನೂ ಕಷ್ಟವನ್ನೂ ಬಳಸಿಕೊಳ್ಳಬೇಡಿ, ಸಹಾಯದ ಹೆಸರಲ್ಲಿ ಆಮಿಷ ಒಡ್ಡಬೇಡಿ, ಕಾಯಿಲೆ ವಾಸಿ ಮಾಡುವ ಪ್ರಾರ್ಥನೆ ನಡೆಸುವಾಗ ಜನರ ಅಸಹಾಯಕತೆಯನ್ನು ದುರುಪಯೋಗ ಮಾಡಬೇಡಿ, ಬೇರೆ ಧರ್ಮದ ಬಗ್ಗೆ ಸುಳ್ಳು ಹೇಳಬೇಡಿ ಎಂದು ಅದರಲ್ಲಿದೆ. ಧರ್ಮ ಬದಲಿಸುವುದು ದೊಡ್ಡ ನಿರ್ಧಾರ, ಯೋಚಿಸಲು ಸಾಕಷ್ಟು ಸಮಯ ಇರಬೇಕು ಅಂತಲೂ ಇದೆ. ಇದನ್ನು ನಮ್ಮ ಸಭೆಗಳಲ್ಲಿ ಓದಿ ಹೇಳಿದ್ದನ್ನು ನಾನು ಕೇಳಿಲ್ಲ. ಓದಿದರೆ ಒಳ್ಳೆಯದು.

ನಮ್ಮ ನಾಡಿನ ಹಳೆಯ ಮಿಷನರಿಗಳನ್ನೂ ನಾನು ಇದೇ ಪ್ರಶ್ನೆ ಇಟ್ಟುಕೊಂಡು ನೋಡುತ್ತೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದರು. ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಕಿಟೆಲ್ ಪಂಡಿತರ ಹತ್ತಿರ ಕೂತು ಕಲಿತು, ಕೇಶಿರಾಜನ ವ್ಯಾಕರಣ, ನಾಗವರ್ಮನ ಛಂದಸ್ಸು ಸಂಪಾದಿಸಿ, 1894ರಲ್ಲಿ ಆ ದೊಡ್ಡ ನಿಘಂಟು ಮುಗಿಸಿದರು. ಯೇಸುವಿನ ಕಥೆಯನ್ನು ನಮ್ಮದೇ ಛಂದಸ್ಸಿನಲ್ಲಿ ಪದ್ಯವಾಗಿಯೂ ಬರೆದರು. ತಾನು ಮಾತಾಡುವ ಮುಂಚೆ ಎದುರಿನವರ ಮಾತನ್ನು ಇಷ್ಟು ಕಷ್ಟಪಟ್ಟು ಕಲಿತವರನ್ನು ಅಗೌರವ ತೋರಿದರು ಅನ್ನಲು ನನಗೆ ನಾಲಿಗೆ ಬರುವುದಿಲ್ಲ. ನಿಘಂಟು ತೆಗೆದು ನೋಡುವವರು ಚರ್ಚಿಗೆ ಬರಬೇಕಾಗಿಯೂ ಇರಲಿಲ್ಲ.

ಅದೇ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು. ಕಾರಣ ಇತ್ತು. ಕ್ರೈಸ್ತರಾದವರನ್ನು ಜಾತಿಯವರು, ಮನೆಯವರು ಹೊರಗೆ ಹಾಕುತ್ತಿದ್ದರು, ಹೊಟ್ಟೆಪಾಡಿಗೆ ದಾರಿ ಇರಲಿಲ್ಲ. ಕೆಲಸ ಕೊಟ್ಟದ್ದು ಒಳ್ಳೆಯದೇ. ಆದರೆ ಕೆಲಸ ಕೊಡುವವರೂ, ಶಾಲೆ ನಡೆಸುವವರೂ, ಭಾನುವಾರ ಪ್ರಸಂಗ ಮಾಡುವವರೂ ಒಂದೇ ಮಿಷನ್ ಆದರೆ, ಮುಂದೊಂದು ದಿನ "ನನಗೆ ಈ ನಂಬಿಕೆ ಬೇಡ" ಅನ್ನುವ ಕೂಲಿಯವನು ಏನು ಮಾಡಬೇಕಿತ್ತು? ನಿಘಂಟು ಮಾಡಿದವರೂ ಹೆಂಚು ಸುಟ್ಟವರೂ ಒಂದೇ ಮಿಷನ್ನಿನವರು. ಇಬ್ಬರ ಉದ್ದೇಶವೂ ಚೆನ್ನಾಗಿಯೇ ಇತ್ತು.

ಕಾನೂನಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಇದರ ಬಗ್ಗೆ ಟಿವಿಯಲ್ಲಿ ಬೇಕಾದಷ್ಟು ಜಗಳ ಆಗಿದೆ. ಸಂವಿಧಾನದ 25ನೇ ವಿಧಿಯಲ್ಲಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಇದೆ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಇದು ಬೇಡವೆಂದು ಲೋಕನಾಥ ಮಿಶ್ರ ವಾದಿಸಿದರು. ಕೆ.ಎಂ. ಮುನ್ಷಿ, ಟಿ.ಟಿ. ಕೃಷ್ಣಮಾಚಾರಿ ಇರಲಿ ಅಂದರು. ಆ ಇಬ್ಬರೂ ಕ್ರೈಸ್ತರಲ್ಲ ಅನ್ನುವುದನ್ನು ನಾವು ಜಾಸ್ತಿ ನೆನೆಯುವುದಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟ್, ನಿಮ್ಮ ನಂಬಿಕೆಯನ್ನು ವಿವರಿಸಿ ಹರಡುವ ಹಕ್ಕು ನಿಮಗಿದೆ, ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಇಲ್ಲ ಎಂದು ಹೇಳಿತು. ಬಹಳ ಕ್ರೈಸ್ತರಿಗೆ ಈ ತೀರ್ಪು ಇಷ್ಟವಿಲ್ಲ. ನನಗೆ ಅದರಲ್ಲಿ ಅರ್ಧ ಸರಿ ಅನಿಸುತ್ತದೆ. ಇನ್ನೊಬ್ಬರ ಮನಸ್ಸನ್ನು ನಾನು ಬದಲಾಯಿಸುತ್ತೇನೆ ಎಂದು ಹಕ್ಕು ಕೇಳುವುದೇ ವಿಚಿತ್ರ. ಆದರೆ ಬದಲಾಗುವ ಹಕ್ಕು ಆ ಇನ್ನೊಬ್ಬರಿಗೆ ಇದೆಯಲ್ಲ, ಅದು ಎಲ್ಲಿ ಹೋಯಿತು? 2022ರಲ್ಲಿ ಕರ್ನಾಟಕ ತಂದ ಕಾಯ್ದೆಯಲ್ಲಿ ಧರ್ಮ ಬದಲಿಸುವವರು ಮೂವತ್ತು ದಿನ ಮೊದಲೇ ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಬೇಕು ಎಂದಿತ್ತು. ಮರುವರ್ಷ ಹೊಸ ಸರ್ಕಾರದ ಸಂಪುಟ ಅದನ್ನು ವಾಪಸ್ ಪಡೆಯಲು ತೀರ್ಮಾನಿಸಿತು. ಆಮಿಷದ ಬಗ್ಗೆ ಜನರಿಗಿರುವ ಸಿಟ್ಟು ನನಗೆ ಅರ್ಥವಾಗುತ್ತದೆ, ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಹೋಗುವ ಬಾಗಿಲು ತೆರೆದಿರಬೇಕು ಅನ್ನುವವನು ಬರುವ ಬಾಗಿಲಿಗೆ ಅರ್ಜಿ ನಮೂನೆ ಅಂಟಿಸುವುದನ್ನು ಒಪ್ಪಲಾರ.

ಹಾಗೆಂದು ಇಂಗ್ಲೆಂಡ್ ಎಲ್ಲದರಲ್ಲೂ ಸರಿ ಎಂದು ಹೇಳುತ್ತಿಲ್ಲ. ಇಲ್ಲಿನ ಗೌರವ ಎಷ್ಟೋ ಸಲ ಬರೀ ಮೌನ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಶೇ. 46.2 ಜನ ಮಾತ್ರ ತಾವು ಕ್ರೈಸ್ತರು ಎಂದು ಬರೆಸಿದರು, ಶೇ. 37.2 ಜನ ಧರ್ಮವೇ ಇಲ್ಲ ಅಂದರು. ಆಫೀಸಿನಲ್ಲಿ ದೇವರ ಮಾತು ಬಂದರೆ ಜನ ಮೆಲ್ಲಗೆ ಹವಾಮಾನಕ್ಕೆ ಜಾರಿಕೊಳ್ಳುತ್ತಾರೆ. ವರ್ಷಗಟ್ಟಲೆ ಪಕ್ಕದ ಕುರ್ಚಿಯಲ್ಲಿ ಕೂತವನು ಏನು ನಂಬುತ್ತಾನೆ ಎಂದು ಗೊತ್ತೇ ಇರುವುದಿಲ್ಲ. ಎಲ್ಲಿ ನೋವಾಗುತ್ತದೋ ಎಂದು ಏನನ್ನೂ ಕೇಳದೆ ಇರುವುದೂ ಒಂದು ಬಗೆಯ ತಾತ್ಸಾರವೇ. ಎದುರಿನವರು ಒಂದು ಮಾತನ್ನು ತಡೆದುಕೊಳ್ಳಲಾರರು ಎಂದು ನಾವೇ ತೀರ್ಮಾನ ಮಾಡಿದ ಹಾಗೆ. ನಮ್ಮ ಊರುಗಳಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರು ಕೂಡ "ನಿಮ್ಮಲ್ಲಿ ದೇವರ ವಿಷಯ ಏನು ಹೇಳ್ತಾರೆ?" ಎಂದು ಸಲೀಸಾಗಿ ಕೇಳುತ್ತಾರೆ. ಅದು ನನಗೆ ಇಲ್ಲಿ ಸಿಗುವುದಿಲ್ಲ.

ಬೈಬಲಿನಲ್ಲಿ ಪೇತ್ರನ ಮೊದಲನೆಯ ಪತ್ರದ ಮೂರನೇ ಅಧ್ಯಾಯದಲ್ಲಿ, ನಿಮ್ಮ ನಿರೀಕ್ಷೆಗೆ ಆಧಾರ ಏನು ಎಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಸಾತ್ವಿಕತೆಯಿಂದ ಕೊಡಿ ಎಂದಿದೆ. ಕೇಳುವವರಿಗೆ ಕೊಡಿ ಎಂದಿದೆ, ಅಲ್ವಾ? ಮೊದಲು ಯಾರಾದರೂ ಕೇಳುವ ಹಾಗೆ ಬದುಕಬೇಕು. ಯೇಸುವಿನ ವಿಷಯ ಸಾರುತ್ತಾ ಊರೂರು ಸುತ್ತಿದ ಪೌಲ ಗ್ರೀಸಿನ ಅಥೇನೆ ಊರಿನಲ್ಲಿ ವಿಗ್ರಹಗಳನ್ನು ಕಂಡು ಒಳಗೊಳಗೇ ಕುದಿದ. ಆದರೆ ಅರಿಯೊಪಾಗ ಎಂಬ ಆ ಊರಿನ ಸಭೆಯಲ್ಲಿ ಮಾತಾಡುವಾಗ ಅವರದ್ದೇ ಬಲಿಪೀಠವೊಂದರ ಬರಹದಿಂದ ಶುರು ಮಾಡಿದ, ಅವರದ್ದೇ ಕವಿಗಳ ಸಾಲು ಹೇಳಿದ. ಕೆಲವರು ಗೇಲಿ ಮಾಡಿದರು, ಕೆಲವರು ಇನ್ನೊಮ್ಮೆ ಕೇಳುತ್ತೇವೆ ಅಂದರು, ಕೆಲವರು ನಂಬಿದರು. ಪೌಲ ಯಾರನ್ನೂ ಹಿಡಿದು ಕೂರಿಸಲಿಲ್ಲ, ತಾನೇ ಅಲ್ಲಿಂದ ಹೊರಟ. ಯೇಸುವಿನ ಹತ್ತಿರ ಬಂದ ಸಿರಿವಂತ ಕೂಡ, ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ನನ್ನ ಹಿಂದೆ ಬಾ ಎಂಬ ಮಾತು ಕೇಳಿ ದುಃಖದಿಂದ ಹೊರಟುಹೋದ. ಯೇಸು ಅವನನ್ನು ಪ್ರೀತಿಸಿದನೆಂದು ಮಾರ್ಕನು ಸ್ಪಷ್ಟವಾಗಿ ಬರೆದಿದ್ದಾನೆ. ಆದರೂ ಹಿಂದೆ ಓಡಲಿಲ್ಲ, ಷರತ್ತನ್ನು ಸಡಿಲ ಮಾಡಿ ವಾಪಸ್ ಕರೆಯಲೂ ಇಲ್ಲ.

1907ರಲ್ಲಿ ಭಾರತಕ್ಕೆ ಬಂದ ಅಮೆರಿಕದ ಮೆಥೊಡಿಸ್ಟ್ ಪಂಥದ ಮಿಷನರಿ ಸ್ಟಾನ್ಲಿ ಜೋನ್ಸ್ ಒಂದು ದಾರಿ ಹುಡುಕಿದ್ದರು. ಬೇರೆ ಬೇರೆ ಧರ್ಮದವರನ್ನು ಒಟ್ಟಿಗೆ ಕೂರಿಸುತ್ತಿದ್ದರು. ವಾದ ಬೇಡ, ಪ್ರವಚನವೂ ಬೇಡ. ನಿಮ್ಮ ಧರ್ಮ ನಿಮ್ಮ ಬದುಕಿನಲ್ಲಿ ಏನು ಮಾಡಿದೆ ಎಂದು ಒಬ್ಬೊಬ್ಬರಾಗಿ ಹೇಳಬೇಕು, ಉಳಿದವರು ಕೇಳಬೇಕು. ಜೋನ್ಸ್ ಕೂಡ ಅದೇ ಸುತ್ತಿನಲ್ಲಿ ಒಬ್ಬರು. ಈ ಪದ್ಧತಿ ನನಗೆ ಎಲ್ಲಕ್ಕಿಂತ ಹಿಡಿಸಿದೆ. ಇದರಲ್ಲಿ ಪರರ ಮಾತಿಗೆ ನಾನೂ ಸಿಕ್ಕಿಹಾಕಿಕೊಳ್ಳಬೇಕಾಗುತ್ತದೆ. ಹೇಳುವುದಕ್ಕೆ ಬಂದು ಕೇಳಿಸಿಕೊಳ್ಳದೆ ಹೋಗುವವರಿಗೆ ಇಲ್ಲಿ ಜಾಗವಿಲ್ಲ.

ಈಗಿನ ಕಾಲದ ಅರಿಯೊಪಾಗ ಅಂದರೆ ವಾಟ್ಸಾಪ್. ನಮ್ಮ ಹಳೆಯ ಕ್ಲಾಸ್‌ಮೇಟ್ಸ್ ಗ್ರೂಪಿನಲ್ಲಿ ಒಬ್ಬ ಬೆಳಗಾದರೆ ಬೈಬಲ್ ವಚನ ಹಾಕುತ್ತಾನೆ, ಇನ್ನೊಬ್ಬ ಶ್ಲೋಕ, ಮತ್ತೊಬ್ಬ ಅವರಿಬ್ಬರನ್ನೂ ಅಣಕಿಸುವ ಚಿತ್ರ. ಗ್ರೂಪ್ ಬಿಟ್ಟರೆ 'ಲೆಫ್ಟ್' ಎಂದು ತೋರಿಸುತ್ತದೆ, ಬಿಟ್ಟದ್ದು ಯಾಕೆ ಎಂದು ಫೋನ್ ಬರುತ್ತದೆ. ವಚನ ಹಾಕುವವನಿಗೆ ನಾನು ಹೇಳಿದ್ದು ಇಷ್ಟೇ: ಬೇಕಾದವರಿಗೆ ಬೇರೆ ಗ್ರೂಪ್ ಮಾಡು, ಬರುವವರು ಬರಲಿ. ಅವನು ಮಾಡಿದ. ಮೂರು ಜನ ಸೇರಿದ್ದಾರೆ, ಒಬ್ಬ ಹಿಂದೂ. ಮಾತುಕತೆ ಚೆನ್ನಾಗಿ ನಡೆಯುತ್ತಿದೆ.

ನನ್ನ ಪ್ರಶ್ನೆ ನನ್ನ ಮನೆಯೊಳಗೇ ನುಗ್ಗಿ ಕೂತಿರುವುದು ಬೇರೆ ಕಥೆ. ಮಗಳು ಹೈಸ್ಕೂಲಿನಲ್ಲಿದ್ದಾಳೆ. ಚರ್ಚಿಗೆ ಬರಲ್ಲ ಅನ್ನಲು ಶುರು ಮಾಡಿದ್ದಾಳೆ. ಎದ್ದು ಹೋಗಲು ಅವಳಿಗೆ ಜಾಗ ಎಲ್ಲಿದೆ? ಊಟ, ಫೀಸು, ಹಾಸಿಗೆ ಎಲ್ಲ ನಮ್ಮ ಕೈಯಲ್ಲೇ ಇದೆ. ಆ ಹೆಂಚಿನ ಕಾರ್ಖಾನೆಗಿಂತ ಮನೆಯ ಹಿಡಿತವೇ ಗಟ್ಟಿ. ಅವಳು ಬಯಸಿದ ಭಾನುವಾರ ಬರಲಿ, ಇಲ್ಲದಿದ್ದರೆ ಬಿಡಲಿ ಅನ್ನುವುದು ನನ್ನ ವಾದ. "ಪರೀಕ್ಷೆಗೆ ಓದು ಅಂತ ಕೂರಿಸ್ತೀರಿ, ಆಗ ಈ ಸ್ವಾತಂತ್ರ್ಯ ಎಲ್ಲಿತ್ತು? ಬೇರೆಯವರ ಮಕ್ಕಳಿಗೆ ಇಲ್ಲದ ಜವಾಬ್ದಾರಿ ನಮ್ಮ ಮಗಳ ಮೇಲೆ ನಮಗಿಲ್ವಾ?" ಎನ್ನುತ್ತಾಳೆ ನನ್ನ ಹೆಂಡತಿ. ಅವಳ ಮಾತಿನಲ್ಲೂ ಹುರುಳಿದೆ. ಸದ್ಯಕ್ಕೆ ಕ್ರಿಸ್ಮಸ್, ಈಸ್ಟರ್ ಎರಡಕ್ಕೂ ತಪ್ಪದೆ ಬರಬೇಕು, ಉಳಿದ ಭಾನುವಾರ ಅವಳ ಇಷ್ಟ ಎಂದು ಮೂವರೂ ಸೇರಿ ಒಪ್ಪಿಕೊಂಡಿದ್ದೇವೆ. ಗುಡ್ ಫ್ರೈಡೇ ಯಾವ ಲೆಕ್ಕಕ್ಕೆ ಸೇರುತ್ತದೆ ಎಂಬುದರ ಮೇಲೆ ಇನ್ನೂ ಚೌಕಾಸಿ ನಡೆದಿದೆ.