ಸಿಟ್ಟು ಯಾರ ಮೇಲೆ ಏರುತ್ತದೆ, ಯಾರ ಮುಂದೆ ನಿಲ್ಲುತ್ತದೆ

"ಸಿಟ್ಟು ಬಂದರೆ ನನಗೆ ಏನೂ ಗೊತ್ತಾಗಲ್ಲ." ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಆ ಹೊತ್ತಿಗೆ ಅವರಿಗೆ ನಿಜವಾಗಿಯೂ ಹಾಗೇ ಅನಿಸಿರುತ್ತದೆ. ಆದರೆ ಅದೇ ಮನುಷ್ಯನಿಗೆ ಅದೇ ದಿನ ಮೇಲಧಿಕಾರಿ ಎಲ್ಲರೆದುರು ಬೈದಾಗ ಎಲ್ಲವೂ ಗೊತ್ತಿತ್ತು, ಅಲ್ವಾ? ದನಿ ಏರಲಿಲ್ಲ. ಕೈ ಎತ್ತಲಿಲ್ಲ. "ಆಯ್ತು ಸರ್" ಅಂತ ಹೇಳಿ ಹೊರಗೆ ಬಂದ. ಮನೆಯಲ್ಲಿ ಮಗು ನೀರಿನ ಲೋಟ ಬೀಳಿಸಿದಾಗ ಮಾತ್ರ ಏನೂ ಗೊತ್ತಾಗದೆ ಹೋಯಿತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ನಮ್ಮ ಹಿರಿಯರು ಇದನ್ನೇ ಹೇಳಿದ್ದು.

ಮಿದುಳು ಸಿಟ್ಟನ್ನು ಹೇಗೆ ಹಿಡಿದಿಡುತ್ತದೆ ಅಂತ ಓದುತ್ತಾ ಹೋದಂತೆ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಆಳು ನೋಡಿ ಏರುವ ಸಿಟ್ಟು ಹಿಡಿತ ತಪ್ಪಿದ ಸಿಟ್ಟಲ್ಲ. ಅಲ್ಲಿ ಹಿಡಿತ ಇದೆ. ಇಲ್ಲಿ ಅದರ ಅಗತ್ಯ ಇಲ್ಲ ಅಂತ ಮಿದುಳು ಆಗಲೇ ತೀರ್ಮಾನ ಮಾಡಿರುತ್ತದೆ. ಇದು ನನ್ನ ಅಭಿಪ್ರಾಯ. ಯಾಕೆ ಹೀಗೆ ಅನಿಸಿತು ಅಂತ ಹೇಳುತ್ತೇನೆ.

ಸಿಟ್ಟಿನ ಬೇರು ಮಿದುಳಿನ ಆಳದಲ್ಲಿದೆ. 1928ರಲ್ಲಿ ಫಿಲಿಪ್ ಬಾರ್ಡ್ ಎಂಬ ವಿಜ್ಞಾನಿ ಬೆಕ್ಕುಗಳ ಮಿದುಳಿನ ಹೊರಪದರವನ್ನು ತೆಗೆದು ನೋಡಿದರು. ಆ ಬೆಕ್ಕುಗಳು ಸುಮ್ನೆ ಮುಟ್ಟಿದರೂ ಬೆನ್ನು ಎತ್ತಿ, ಕೂದಲು ನಿಮಿರಿಸಿ, ಉಗುರು ಚಾಚಿ ಬುಸುಗುಟ್ಟುತ್ತಿದ್ದವು. ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್‌ನ ಹಿಂಭಾಗವನ್ನೂ ತೆಗೆದಾಗ ಆ ಆರ್ಭಟ ನಿಂತಿತು. ಸ್ವಿಟ್ಜರ್ಲೆಂಡಿನ ವಾಲ್ಟರ್ ಹೆಸ್ ಇನ್ನೊಂದು ದಾರಿ ಹಿಡಿದರು. ಎಚ್ಚರವಾಗಿರುವ ಬೆಕ್ಕಿನ ಹೈಪೊಥಲಾಮಸ್‌ಗೆ ಸಣ್ಣ ತಂತಿಯ ಮೂಲಕ ವಿದ್ಯುತ್ ಹಾಯಿಸಿದರು. ಶಾಂತವಾಗಿದ್ದ ಬೆಕ್ಕು ಸಿಟ್ಟಿನಿಂದ ಎರಗಲು ಬಂದಿತು. ವಿದ್ಯುತ್ ನಿಲ್ಲಿಸಿದರೆ ಮತ್ತೆ ಶಾಂತ. ಈ ಕೆಲಸಕ್ಕೆ ಅವರಿಗೆ 1949ರಲ್ಲಿ ನೊಬೆಲ್ ಬಂತು.

ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು 2011ರಲ್ಲಿ ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಆ್ಯಂಡರ್‌ಸನ್ ತಂಡ ಮಾಡಿದ ಪ್ರಯೋಗ. ಗಂಡಿಲಿಯ ಹೈಪೊಥಲಾಮಸ್‌ನಲ್ಲಿರುವ ನರಕೋಶಗಳ ಒಂದು ಪುಟ್ಟ ಗುಂಪನ್ನು ಬೆಳಕಿನಿಂದ ಚುರುಕುಗೊಳಿಸಿದರು. ಇಲಿ ಎದುರಿಗಿದ್ದ ಹೆಣ್ಣಿಲಿಯ ಮೇಲೂ ಎರಗಿತು. ಗಾಳಿ ತುಂಬಿದ ಕೈಗವಸಿನ ಮೇಲೂ ಎರಗಿತು! ಬರೀ ಸಿಟ್ಟು ಅಂದರೆ ಅದು. ಎದುರಿಗೆ ಯಾರಿದ್ದಾರೆ, ಅವರು ತಿರುಗಿ ಹೊಡೆಯುತ್ತಾರಾ, ನಾಳೆ ಏನಾಗುತ್ತದೆ, ಯಾವ ಲೆಕ್ಕವೂ ಇಲ್ಲ.

ನಮ್ಮ ಸಿಟ್ಟು ಹಾಗಿಲ್ಲ. ನಮ್ಮ ಹಣೆಯ ಹಿಂದೆ ಪ್ರೀಫ್ರಂಟಲ್ ಕಾರ್ಟೆಕ್ಸ್ ಎಂಬ ಮಿದುಳಿನ ಮುಂಭಾಗ ಇದೆ. ಅಮಿಗ್ಡಲಾ ಎಂಬ ಬಾದಾಮಿ ಆಕಾರದ ಭಾಗ "ಅಪಾಯ ಇದೆ" ಅಂತ ಕೂಗಿ ಹೈಪೊಥಲಾಮಸ್ಸನ್ನು ಎಬ್ಬಿಸುತ್ತದೆ. ಎದೆಬಡಿತ ಏರುತ್ತದೆ, ಅಡ್ರಿನಲಿನ್ ಹರಿಯುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಅದೇ ಹೊತ್ತಿಗೆ ಪ್ರೀಫ್ರಂಟಲ್ ಕಾರ್ಟೆಕ್ಸ್ ಇನ್ನೊಂದು ಕೆಲಸ ಮಾಡುತ್ತಿರುತ್ತದೆ. ಅದರಲ್ಲೂ ಕಣ್ಣುಗಳ ಮೇಲ್ಭಾಗದಲ್ಲಿ, ನಡುವೆ ಇರುವ ಪ್ರದೇಶ ಲಾಭ ನಷ್ಟ ತೂಗುತ್ತದೆ. ಈಗ ಕೂಗಿದರೆ ನನಗೆ ಏನಾಗುತ್ತದೆ? ಕೆಲಸ ಹೋಗುತ್ತಾ? ಏಟು ಬೀಳುತ್ತಾ? ಈ ಭಾಗಕ್ಕೂ ಅಮಿಗ್ಡಲಾಕ್ಕೂ ನಡುವೆ ಎರಡೂ ಕಡೆ ನರತಂತುಗಳಿವೆ. ಮೇಲಧಿಕಾರಿಯ ಮುಂದೆ ಈ ತೂಕದ ಫಲ "ತಡಿ" ಅಂತ ಬರುತ್ತದೆ. ಮಗುವಿನ ಮುಂದೆ, ಹೆಂಡತಿಯ ಮುಂದೆ, ಕೈಕೆಳಗಿನವರ ಮುಂದೆ "ಪರವಾಗಿಲ್ಲ" ಅಂತ ಬರುತ್ತದೆ. ಎರಡನ್ನೂ ತೂಗಿದ್ದು ಒಂದೇ ಮಿದುಳು.

ಈ ಲೆಕ್ಕವನ್ನು ಯಾರೂ ಕೂತು, ಯೋಚಿಸಿ ಮಾಡುವುದಿಲ್ಲ. ಕ್ಷಣದಲ್ಲಿ, ನಮ್ಮ ಅರಿವಿಗೆ ಬರುವ ಮೊದಲೇ ಅದು ಮುಗಿದಿರುತ್ತದೆ. ಹಾಗಾಗಿಯೇ "ನನಗೆ ಗೊತ್ತಾಗಲ್ಲ" ಅನ್ನೋದು ಅನುಭವದ ಮಟ್ಟದಲ್ಲಿ ನಿಜ. ಆದರೆ ವರ್ಷಗಟ್ಟಲೆ ಕೂಗಿ, ಏನೂ ಕಳೆದುಕೊಳ್ಳದೆ, ಎದುರಿನವರು ಸುಮ್ಮನಾಗಿದ್ದನ್ನು ಮಾತ್ರ ನೋಡಿ ಮಿದುಳು ಈ ಲೆಕ್ಕ ಕಲಿತಿರುತ್ತದೆ. ಕಲಿತದ್ದನ್ನು ಬದಲಾಯಿಸಬಹುದು. ನಾನು ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವೇ ಅದು.

ಸಿಟ್ಟಿನಲ್ಲಿ ಇನ್ನೊಂದು ಲೆಕ್ಕವೂ ನಡೆಯುತ್ತದೆ. ಬೇಕಂತ ಮಾಡಿದರಾ, ಇಲ್ಲವಾ? ಅಲನ್ ಸ್ಯಾನ್‌ಫಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. 10 ಡಾಲರ್ ಹಂಚಿಕೊಳ್ಳುವ ಆಟ. ಎದುರಿನವರು ತಾವೇ ಜಾಸ್ತಿ ಇಟ್ಟುಕೊಂಡು ನಿಮಗೆ ಚೂರು ಕೊಡಲು ಬಂದರೆ ನೀವು ಬೇಡ ಅನ್ನಬಹುದು. ಆಗ ಇಬ್ಬರಿಗೂ ಏನೂ ಸಿಗುವುದಿಲ್ಲ. ಅನ್ಯಾಯದ ಪಾಲನ್ನು ಮನುಷ್ಯರು ಕೊಟ್ಟಾಗ ಜನ ಬೇಡ ಅಂದಷ್ಟು ಕಂಪ್ಯೂಟರ್ ಕೊಟ್ಟಾಗ ಅನ್ನಲಿಲ್ಲ. ಅಸಹ್ಯ, ನೋವಿನಂಥ ಭಾವನೆಗಳಲ್ಲಿ ಚುರುಕಾಗುವ ಇನ್ಸುಲಾ ಎಂಬ ಮಿದುಳಿನ ಭಾಗ ಕೂಡ ಮನುಷ್ಯರ ಅನ್ಯಾಯಕ್ಕೇ ಹೆಚ್ಚು ಸ್ಪಂದಿಸಿತು. ನಷ್ಟ ಎರಡೂ ಕಡೆ ಅಷ್ಟೇ. ವ್ಯತ್ಯಾಸ ಇದ್ದದ್ದು "ಇವನು ನನಗೆ ಹೀಗೆ ಮಾಡಿದ" ಅನ್ನುವುದರಲ್ಲಿ.

ಸಿಟ್ಟನ್ನು ಇಳಿಸಲು ನನಗೆ ಗೊತ್ತಿರುವ ಅತಿ ಗಟ್ಟಿ ದಾರಿ ಇಲ್ಲೇ ಇದೆ. ಗೆಳೆಯ ಫೋನ್ ಎತ್ತುತ್ತಿಲ್ಲ. ನಾಲ್ಕು ಸಲ ಮಾಡಿದಿರಿ. ಕುದಿಯುತ್ತಿದ್ದೀರಿ. ಅಷ್ಟರಲ್ಲಿ ಅವನು ಆಸ್ಪತ್ರೆಯಲ್ಲಿದ್ದಾನೆ ಅಂತ ತಿಳಿಯಿತು. ಸಿಟ್ಟು ಎಲ್ಲಿ ಹೋಯಿತು? ನೀವು ಹತ್ತಿಕ್ಕಲಿಲ್ಲ, ನುಂಗಲಿಲ್ಲ. ಕಾರಣ ಬದಲಾಯಿತು, ಸಿಟ್ಟು ನಿಲ್ಲಲು ನೆಲವೇ ಇಲ್ಲವಾಯಿತು. ನಡೆದದ್ದನ್ನು ಇನ್ನೊಂದು ಕಡೆಯಿಂದ ನೋಡುವ ಈ ಕೆಲಸವನ್ನು ಬೇಕಂತಲೇ ಮಾಡಬಹುದು. ಹಾಗೆ ಮಾಡುವಾಗ ಪ್ರೀಫ್ರಂಟಲ್ ಭಾಗಗಳು ಚುರುಕಾಗುತ್ತವೆ, ಅಮಿಗ್ಡಲಾ ತಣ್ಣಗಾಗುತ್ತದೆ ಅಂತ ಕೆವಿನ್ ಆಕ್ಸ್‌ನರ್, ಜೇಮ್ಸ್ ಗ್ರಾಸ್ ಮೊದಲಾದವರು 2002ರಿಂದ ಸ್ಕ್ಯಾನರ್‌ನಲ್ಲಿ ತೋರಿಸುತ್ತಾ ಬಂದಿದ್ದಾರೆ. ಮುಖ ಗಂಟಿಕ್ಕದೆ ಸಿಟ್ಟನ್ನು ಒಳಗೇ ಅದುಮಿಕೊಳ್ಳುವುದು ಬೇರೆ. ಹೊರಗೆ ಏನೂ ಕಾಣಿಸದಿದ್ದರೂ ಒಳಗೆ ದೇಹ ಹಾಗೇ ಕುದಿಯುತ್ತಿರುತ್ತದೆ. "ಸಹಿಸಿಕೋ" ಅಂತ ಬುದ್ಧಿ ಹೇಳುವವರು ಈ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ.

ಅನಿಸಿದ್ದಕ್ಕೆ ಸರಿಯಾದ ಹೆಸರು ಕೊಡುವುದೂ ಕೆಲಸ ಮಾಡುತ್ತದೆ. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ತಂಡ ಜನರಿಗೆ ಸಿಟ್ಟಿನ, ಭಯದ ಮುಖಗಳನ್ನು ತೋರಿಸಿತು. ಆ ಭಾವನೆ ಯಾವುದು ಅಂತ ಪದದಲ್ಲಿ ಗುರುತಿಸಿದಾಗ ಅಮಿಗ್ಡಲಾದ ಸ್ಪಂದನೆ ತಗ್ಗಿತು. "ಸಿಟ್ಟು ಬಂದಿದೆ" ಅನ್ನುವುದಕ್ಕಿಂತ "ನನಗೆ ಅವಮಾನ ಆಗಿದೆ", "ನನಗೆ ಹೆದರಿಕೆ ಆಗಿದೆ" ಅಂತ ಒಪ್ಪಿಕೊಳ್ಳುವುದು ಕಷ್ಟ. ಆದರೆ ಎಷ್ಟೋ ಸಲ ನಿಜ ಅದೇ ಆಗಿರುತ್ತದೆ.

ಈಗ ನನಗೆ ತುಂಬಾ ಬೇಸರ ತರುವ ಒಂದು ಸಲಹೆಯ ಬಗ್ಗೆ. "ಕೂಗಿಬಿಡು, ಹಗುರಾಗುತ್ತೀಯ." "ದಿಂಬಿಗೆ ಗುದ್ದು, ಸಿಟ್ಟೆಲ್ಲಾ ಹೊರಗೆ ಹೋಗುತ್ತದೆ." ದಯವಿಟ್ಟು ಇದನ್ನು ಯಾರಿಗೂ ಹೇಳಬೇಡಿ. ಬ್ರಾಡ್ ಬುಶ್‌ಮನ್ 2002ರಲ್ಲಿ 600 ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಮೊದಲು ವಿದ್ಯಾರ್ಥಿಗಳು ಬರೆದ ಪ್ರಬಂಧವನ್ನು ಕೆಟ್ಟದಾಗಿ ಟೀಕಿಸಿ ಸಿಟ್ಟು ಬರಿಸಿದರು. ಆಮೇಲೆ ಕೆಲವರು ಟೀಕಿಸಿದವರನ್ನೇ ನೆನೆದುಕೊಂಡು ಪಂಚಿಂಗ್ ಬ್ಯಾಗ್‌ಗೆ ಗುದ್ದಿದರು. ಕೆಲವರು ಸುಮ್ನೆ ಕೂತರು. ನೆನೆದು ಗುದ್ದಿದವರಿಗೇ ಸಿಟ್ಟು ಜಾಸ್ತಿಯಾಯಿತು, ಸೇಡಿನ ಬುದ್ಧಿಯೂ ಜಾಸ್ತಿಯಾಯಿತು. ಏನೂ ಮಾಡದೆ ಕೂತವರೇ ವಾಸಿ. 2024ರಲ್ಲಿ ಬುಶ್‌ಮನ್ ಮತ್ತು ಸೋಫಿ ಕ್ಯಾರ್ವಿಕ್ 154 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ದೇಹದ ಉದ್ರೇಕ ಇಳಿಸುವ ನಿಧಾನ ಉಸಿರಾಟ, ಧ್ಯಾನ, ಸ್ನಾಯು ಸಡಿಲಿಸುವ ಅಭ್ಯಾಸಗಳಿಂದ ಸಿಟ್ಟು ಇಳಿದಿತ್ತು. ಉದ್ರೇಕ ಏರಿಸುವ ಕೆಲಸಗಳಿಂದ ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ಓಡುವುದರಿಂದ ಸಿಟ್ಟು ಹೆಚ್ಚಿದ್ದೇ ಕಂಡಿತು. ಓಟ ಹೃದಯಕ್ಕೆ ಒಳ್ಳೆಯದು, ಸಂತೋಷವಾಗಿ ಓಡಿ. ಸಿಟ್ಟಿನ ಮದ್ದು ಅಂತ ಓಡಬೇಡಿ.

ಹಿಡಿತ ನಿಜವಾಗಿಯೂ ಸಡಿಲವಾಗುವ ಸಂದರ್ಭಗಳೂ ಇವೆ. ನಿದ್ದೆ ಅದರಲ್ಲಿ ಮುಖ್ಯ. 2007ರ ಒಂದು ಅಧ್ಯಯನದಲ್ಲಿ ಸುಮಾರು 35 ಗಂಟೆ ನಿದ್ದೆಗೆಟ್ಟವರಿಗೆ ಮನಸ್ಸು ಕದಡುವ ಚಿತ್ರಗಳನ್ನು ತೋರಿಸಿದಾಗ ಅವರ ಅಮಿಗ್ಡಲಾ ಮಲಗಿ ಎದ್ದವರಿಗಿಂತ ಶೇ. 60ರಷ್ಟು ಜಾಸ್ತಿ ಉರಿಯಿತು, ಪ್ರೀಫ್ರಂಟಲ್ ಭಾಗದ ಜೊತೆಗಿನ ಅದರ ಸಂಪರ್ಕವೂ ದುರ್ಬಲವಾಗಿತ್ತು. ಒತ್ತಡದಲ್ಲಿ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ಮಿದುಳಿನ ರಾಸಾಯನಿಕಗಳು ಮಿತಿಮೀರಿ ಹರಿದು ಪ್ರೀಫ್ರಂಟಲ್ ಕಾರ್ಟೆಕ್ಸ್ ಕೆಲಸ ಮಾಡಲಾಗದೆ ಕೂರುತ್ತದೆ. ಕುಡಿತವೂ ಅದನ್ನೇ ಮಂಕು ಮಾಡುತ್ತದೆ. ಹಾಗಾಗಿ ಎರಡು ಪಾಳಿ ದುಡಿದು, ನಿದ್ದೆಯಿಲ್ಲದೆ ಬಂದ ತಾಯಿ ಸಿಡುಕಿದರೆ ಅವಳಿಗೆ ತಾಳ್ಮೆಯ ಉಪದೇಶ ಮಾಡುವ ಮೊದಲು ಮಲಗಲು ಬಿಡಿ. ಮನೆಯವರು ಆ ರಾತ್ರಿಯ ಕೆಲಸ ಹಂಚಿಕೊಂಡರೆ ಯಾವ ಮಾತಿಗಿಂತಲೂ ಅದು ಹೆಚ್ಚು.

ಮಕ್ಕಳ ವಿಷಯವಂತೂ ಹೇಳಲೇಬೇಕು. ಪ್ರೀಫ್ರಂಟಲ್ ಕಾರ್ಟೆಕ್ಸ್ ಪೂರ್ತಿ ಬಲಿಯುವುದು ಸುಮಾರು 25ರ ವಯಸ್ಸಿಗೆ. ನಾಲ್ಕು ವರ್ಷದ ಮಗು ನೆಲಕ್ಕೆ ಬಿದ್ದು ಕೈಕಾಲು ಬಡಿಯುವಾಗ ಅದರ ಬಳಿ ತಡೆಯುವ ಸಾಮರ್ಥ್ಯ ಇನ್ನೂ ಬೆಳೆದಿಲ್ಲ. ಬೆಳೆದಿರುವುದು ಎದುರಿಗೆ ನಿಂತ ದೊಡ್ಡವರಿಗೆ. ಇಬ್ಬರಲ್ಲಿ ಏಟು ತಿನ್ನುವುದು ಮಾತ್ರ ಮಗು. ಇದು ನನಗೆ ಸಹಿಸಲಾಗದ ಅನ್ಯಾಯ.

ಸಿಟ್ಟೇ ಬೇಡ ಅಂತ ನಾನು ಹೇಳುತ್ತಿಲ್ಲ. ಸಿಟ್ಟು ಭಯದ ಹಾಗೆ ಹಿಂದಕ್ಕೆ ಸರಿಸುವುದಿಲ್ಲ, ಸಾಮಾನ್ಯವಾಗಿ ಮುಂದಕ್ಕೆ ತಳ್ಳುತ್ತದೆ. ಅನ್ಯಾಯದ ವಿರುದ್ಧ ಬಾಯಿ ತೆರೆಯಲು ಆ ತಳ್ಳುವಿಕೆ ಬೇಕು. ಅದು ಬೈಸಿಕೊಂಡ ಜಾಗದಲ್ಲೇ, ಬೈದವರ ಎದುರೇ ನೆಟ್ಟಗೆ ಮಾತಾಗಿ ಬಂದರೆ ನನ್ನ ತಕರಾರೇ ಇಲ್ಲ.

ಇನ್ನು, ಆಳು ನೋಡದೆ ಸಿಟ್ಟು ಬರುವವರೂ ಇದ್ದಾರೆ. 1848ರಲ್ಲಿ ಅಮೆರಿಕದ ರೈಲ್ವೆ ಕೆಲಸಗಾರ ಫಿನಿಯಸ್ ಗೇಜ್‌ನ ತಲೆಯ ಮುಂಭಾಗವನ್ನು ಕಬ್ಬಿಣದ ಸಲಾಕೆ ತೂರಿಕೊಂಡು ಹೋಯಿತು. ಬದುಕುಳಿದ. ಆದರೆ ಸೌಮ್ಯನಾಗಿದ್ದವನು ಒರಟನಾದ ಅಂತ ಅವನ ವೈದ್ಯರು ಬರೆದಿಟ್ಟರು. ತಲೆಗೆ ಪೆಟ್ಟು ಬಿದ್ದ ಮೇಲೆ ಒಬ್ಬರ ಸ್ವಭಾವ ಬದಲಾದರೆ, ಅಥವಾ ಇಷ್ಟು ವರ್ಷ ಮೃದುವಾಗಿದ್ದವರು ಐವತ್ತರ ಆಸುಪಾಸಿನಲ್ಲಿ ಅಪರಿಚಿತರ ಮೇಲೂ, ಮೇಲಿನವರ ಮೇಲೂ, ಎಲ್ಲರ ಮೇಲೂ ಹರಿಹಾಯತೊಡಗಿದರೆ ಅದನ್ನು ಕೊಬ್ಬು ಅಂತ ಕರೆಯಬೇಡಿ. ಮಿದುಳಿನ ಮುಂಭಾಗ ಸವೆಯುವ ಫ್ರಂಟೊಟೆಂಪೊರಲ್ ಡಿಮೆನ್ಶಿಯ ಕೆಲವರಲ್ಲಿ ಶುರುವಾಗುವುದೇ ಹೀಗೆ, ಮರೆವು ಕಾಣಿಸುವುದಕ್ಕಿಂತ ಮೊದಲೇ. ಅಂಥವರ ಜೊತೆ ವಾದ ಮಾಡುತ್ತಾ ತಿಂಗಳುಗಳನ್ನು ಕಳೆಯದೆ ನರರೋಗ ತಜ್ಞರ ಬಳಿ ಕರೆದುಕೊಂಡು ಹೋಗಿ. ಯಾವಾಗಿನಿಂದ, ಯಾರ ಯಾರ ಜೊತೆ ಹೀಗಾಗುತ್ತಿದೆ ಅನ್ನೋದನ್ನು ಬರೆದುಕೊಂಡು ಹೋದರೆ ವೈದ್ಯರಿಗೆ ತುಂಬಾ ಸಹಾಯವಾಗುತ್ತದೆ.